ಸತ್ತ ಮೀನನ್ನು ತೋಡಿಗೆ ಎಸೆಯಬೇಡಿ

ಅಕ್ವೇರಿಯಂ ಮೀನು ಸತ್ತರೆ ನಮ್ಮ ಮಂಗಳೂರಿನಲ್ಲಿ ಕೆಲವರು ಸುಮ್ನೆ ತೋಡಿಗೆ ಎಸೆದುಬಿಡುತ್ತಾರೆ. ದಯವಿಟ್ಟು ಬೇಡ. ಆ ನೀರು ಕೊನೆಗೆ ಹೋಗುವುದು ನೇತ್ರಾವತಿಗೋ ಫಲ್ಗುಣಿಗೋ ಅಲ್ವಾ? ಗೋಲ್ಡ್ ಫಿಶ್ ಮೈಯಲ್ಲಿದ್ದ ರೋಗ ಹೊಳೆಯ ಮೀನಿಗೂ ಅಂಟಬಹುದು. ಟಾಯ್ಲೆಟ್ಟಿಗೂ ಹಾಕಬೇಡಿ.

ಸತ್ತದ್ದನ್ನು ಬೇಗ ತೆಗೆಯಿರಿ. ಕೊಳೆತರೆ ನೀರಿನಲ್ಲಿ ಅಮೋನಿಯಾ ಜಾಸ್ತಿಯಾಗಿ ಉಳಿದ ಮೀನುಗಳಿಗೂ ಅಪಾಯ. ನಾನು ಬಾವಿಯಿಂದ ದೂರ, ತೆಂಗಿನ ಮರದ ಹತ್ತಿರ ಒಂದಡಿಗಿಂತ ಆಳವಾಗಿ ಹೂಳುತ್ತೇನೆ. ನಮ್ಮದು ಮುರಕಲ್ಲಿನ ನೆಲ, ಅಗೆಯುವುದು ಕಷ್ಟವೇ. ಆದರೆ ಮೇಲೆ ಮೇಲೆ ಮುಚ್ಚಿದರೆ ಬೆಕ್ಕು, ನಾಯಿ ಕೆದಕುತ್ತವೆ. ಅದಕ್ಕೇ ಮೇಲೊಂದು ಕಲ್ಲನ್ನೂ ಇಡುತ್ತೇನೆ. ಔಷಧಿ ಹಾಕಿದ ಮೀನಾದರೆ ಬಸಳೆ ಚಪ್ಪರದ ಹತ್ತಿರವಂತೂ ಬೇಡವೇ ಬೇಡ.

ಫ್ಲ್ಯಾಟಿನವರು ಪೇಪರಿನಲ್ಲಿ ಸುತ್ತಿ ಹಸಿ ಕಸಕ್ಕೆ ಹಾಕಬಹುದು. ಕಸದ ಗಾಡಿ ಬರುವವರೆಗೆ ಡಬ್ಬಿಯಲ್ಲಿ ಮುಚ್ಚಿ ಫ್ರೀಜರಿನಲ್ಲಿಟ್ಟರೆ ವಾಸನೆ ಬರುವುದಿಲ್ಲ. ಮೀನು ಹಿಡಿದ ಬಲೆಯನ್ನು ತೊಳೆದು ಬಿಸಿಲಿಗೆ ಒಣಗಿಸಿ.