ಬಿಟಿಎಂ ಬಿಟಿಎಂ ಆಗಿಯೇ ಇರಲಿ

ಹಳೇ ವಿದ್ಯಾರ್ಥಿಗಳ ಸಂಘದ ವಿಳಾಸದ ಪಟ್ಟಿ ಈ ವಾರ ನನ್ನ ತಲೆಗೆ ಬಿತ್ತು. ಒಬ್ಬರ ಹೆಸರು ಪೂರ್ತಿ ಕ್ಯಾಪಿಟಲ್, ಇನ್ನೊಬ್ಬರದು ಪೂರ್ತಿ ಸ್ಮಾಲ್, ಕೆಲವರದ್ದು ನಡುವೆ ಎಲ್ಲೋ ಒಂದು ದೊಡ್ಡಕ್ಷರ ಎದ್ದು ನಿಂತಿದೆ.

"ಎಕ್ಸೆಲ್‌ನಲ್ಲಿ 'ಪ್ರಾಪರ್' ಅನ್ನೋ ಫಾರ್ಮುಲಾ ಹಾಕಿ ಸಾರ್, ಮುಗೀತು" ಅಂದರು ಖಜಾಂಚಿ. ಮುಗಿಯಲ್ಲ. ಅಂಕಿಯೋ ಚುಕ್ಕಿಯೋ ಏನೇ ಬಂದರೂ ಅದರ ಪಕ್ಕದ ಅಕ್ಷರವನ್ನು ಅದು ದೊಡ್ಡದು ಮಾಡುತ್ತೆ, ಉಳಿದದ್ದೆಲ್ಲ ಸಣ್ಣದು. ಹಾಗಾಗಿ ಫಿಫ್ತ್ ಕ್ರಾಸ್‌ನಲ್ಲಿ 5ರ ಪಕ್ಕದ 'ಟಿ' ದಢಕ್ಕನೆ ಕ್ಯಾಪಿಟಲ್! ನಮ್ಮ ಬೆಂಗಳೂರಿನ ಬಿಟಿಎಂ ಲೇಔಟ್‌ನಲ್ಲಿ 'ಬಿ' ಮಾತ್ರ ದೊಡ್ಡದು, ಇನ್ನೆರಡು ಕುಗ್ಗಿ ಕೂತಿರುತ್ತವೆ. ಇನಿಷಿಯಲ್‌ಗಳ ನಡುವೆ ಚುಕ್ಕಿ ಇಟ್ಟವರು ಬಚಾವ್. ಇಡದವರಿಗೆ ಊರು, ಅಪ್ಪ ಇಬ್ಬರಲ್ಲಿ ಒಬ್ಬರಿಗಷ್ಟೇ ಮರ್ಯಾದೆ.

ಕೊನೆಗೆ ಪಟ್ಟಿಯನ್ನು ಗೂಗಲ್ ಶೀಟ್ಸ್‌ಗೆ ಹಾಕಿ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ, ಅಂದರೆ ಶೀಟ್ಸ್ ಜೊತೆಗೇ ಬರುವ ಕೋಡ್ ಬರೆಯುವ ಸೌಲಭ್ಯದಲ್ಲಿ, ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಇಡೀ ಕಾಲಂ ಒಂದೇ ಸಲ ಓದಿ, ಸರಿಮಾಡಿ, ಒಂದೇ ಸಲ ಬರೆಯಬೇಕು. ಒಂದೊಂದೇ ಸೆಲ್ ಮುಟ್ಟುತ್ತಾ ಹೋದರೆ ಆಮೆ ನಡಿಗೆ. ಜೊತೆಗೊಂದು 'ಮುಟ್ಟಬೇಡ' ಪಟ್ಟಿ: ಬಿಟಿಎಂ, ಎಚ್‌ಎಸ್‌ಆರ್, ಜೆಪಿ, ಆರ್‌ಟಿ. ಬೆಂಗಳೂರಲ್ಲಿ ಈ ಪಟ್ಟಿಗೆ ಕೊನೆಯೇ ಇಲ್ಲ ಬಿಡಿ. ಫಲಿತಾಂಶ ಪಕ್ಕದ ಕಾಲಂಗೆ ಹೋಗುತ್ತೆ, ಮೂಲ ಹಾಗೇ ಇರಲಿ ಅಂತ.

ಕನ್ನಡದಲ್ಲೇ ತುಂಬಿದ್ದ ಕೆಲವರ ಸಾಲು ಮಾತ್ರ ಸ್ಕ್ರಿಪ್ಟ್ ಓಡಿದ ಮೇಲೂ ಇದ್ದ ಹಾಗೇ ಇತ್ತು. ನಮ್ಮ ಲಿಪಿಯಲ್ಲಿ ಕ್ಯಾಪಿಟಲ್, ಸ್ಮಾಲ್ ಅನ್ನೋ ಭೇದವೇ ಇಲ್ಲವಲ್ಲ! ಮುಂದಿನ ಸಲ ಫಾರ್ಮನ್ನೇ ಕನ್ನಡದಲ್ಲಿ ಕಳಿಸೋಣ ಅಂದೆ. "ಆಗ ಲಕ್ಷ್ಮಿಗೆ ದೀರ್ಘ ಬೇಕೋ ಬೇಡವೋ ಅನ್ನೋ ಜಗಳ ನೀವೇ ಬಿಡಿಸ್ತೀರಾ ಸಾರ್?" ಅಂದರು ಖಜಾಂಚಿ.