ಸೋಲ್‌ಫುಲ್ ಹೌಸ್ ರೆಕಾರ್ಡ್ ಕೊಳ್ಳುವಾಗ ಮೊದಲು ದನಿ ಕೇಳಿ

ಸೋಲ್‌ಫುಲ್ ಹೌಸ್‌ನಲ್ಲಿ (ಸೋಲ್ ಗಾಯನದ ಭಾವ ತುಂಬಿದ ಕ್ಲಬ್ ನೃತ್ಯಸಂಗೀತ) ಕಿಕ್ ಡ್ರಮ್ಮೂ ಬೇಸೂ ಎಷ್ಟೇ ಗಟ್ಟಿಯಿರಲಿ, ಫ್ಲೋರ್‌ನಲ್ಲಿ ಕುಣಿಯುವವರನ್ನು ಹಿಡಿದಿಡುವುದು ಹಾಡುವವರ ದನಿ. ರೆಕಾರ್ಡ್ ಕೈಕೊಡುವುದೂ ಅಲ್ಲೇ. ಕಟಿಂಗ್ (ತಟ್ಟೆಗೆ ಹಾಡಿನ ಗೀರು ಕೊರೆಯುವ ಕೆಲಸ) ಕೆಟ್ಟಿದ್ದರೆ ಮೊದಲು ಒಡೆಯುವುದು ದನಿ, ವೇಗ ಏರಿಸಿದರೆ ಮೊದಲು ಕೀರಲಾಗುವುದೂ ಅದೇ. ಹಾಗಾಗಿ ಡಿಜೆಯಾಗಿ ನುಡಿಸಲು ಕೊಳ್ಳುವಾಗ, ಈ ವಾರದ ಬಿಡುಗಡೆಯಾಗಲಿ, 30 ವರ್ಷ ಹಳೆಯದರ ಮರುಮುದ್ರಣವಾಗಲಿ, ದುಡ್ಡು ಕೊಡುವ ಮುನ್ನ ಲೇಬಲ್ ಹೆಸರು ನೋಡಿ ಮರುಳಾಗುವ ಬದಲು ದನಿಯ ಬೆನ್ನು ಹತ್ತುವುದು ಒಳ್ಳೆಯದು.

ವಿನೈಲ್‌ನಿಂದ ಶುರು ಮಾಡೋಣ. 12 ಇಂಚಿನ ತಟ್ಟೆ 33 ವೇಗದಲ್ಲಿ (ನಿಮಿಷಕ್ಕೆ 33⅓ ಸುತ್ತು) ತಿರುಗುವಾಗ ಹೊರ ಅಂಚಿನ ಗ್ರೂವ್ (ಗೀರು) ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ. ನಡುವಿನ ಕಾಗದದ ಲೇಬಲ್ ಹತ್ತಿರ ಬರುವಷ್ಟರಲ್ಲಿ ಅದು 21ಕ್ಕೆ ಇಳಿದಿರುತ್ತದೆ. ಅದೇ ‘ಸ’ಕಾರ, ಅದೇ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಈಗ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೂರಬೇಕು. ಅಷ್ಟು ಇಕ್ಕಟ್ಟಿನ ತಿರುವುಗಳನ್ನು ಸೂಜಿಯ ತುದಿ ಹಿಂಬಾಲಿಸಲಾಗದೆ ‘ಸ್’ ಎನ್ನುವುದು ‘ಛ್’ ಎಂದು ಕಿವಿಗೆ ರಾಚುತ್ತದೆ. ಬರೀ ಡ್ರಮ್ ಇರುವ ಟ್ರ್ಯಾಕ್‌ಗಳಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಸೋಲ್‌ಫುಲ್ ಹೌಸ್‌ನ ಕಟ್ಟೋಣವೇ ಬೇರೆ. ಮೊದಲ ಎರಡು ಚರಣ ತಗ್ಗಿನಲ್ಲಿ ಸಾಗುತ್ತವೆ. ಬ್ರೇಕ್ (ತಾಳ ತಗ್ಗುವ ನಡುಭಾಗ) ಮುಗಿದ ಮೇಲೆ ಗಾಯಕಿ ಗಾಸ್ಪೆಲ್ (ಅಮೆರಿಕದ ಚರ್ಚ್ ಗಾಯನ) ಧಾಟಿಯಲ್ಲಿ ತಾರಸ್ಥಾಯಿಗೆ ಏರಿ ಮನಸೋಇಚ್ಛೆ ಹಾಡುವುದು ಕೊನೆಯ ಎರಡು-ಮೂರು ನಿಮಿಷಗಳಲ್ಲಿ. ಹೀಗೆ ಹಾಡಿನ ಅತಿ ಕಠಿಣ ಭಾಗ ತಟ್ಟೆಯ ಅತಿ ಇಕ್ಕಟ್ಟಿನ ಜಾಗಕ್ಕೆ ಬಂದು ಬೀಳುತ್ತದೆ.

ಆದ್ದರಿಂದ ಟ್ರ್ಯಾಕ್ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಒಂದು ಬದಿಗೆ ಎಷ್ಟು ನಿಮಿಷ ತುಂಬಿದ್ದಾರೆ ಎಂಬುದನ್ನು. 45ರಲ್ಲಿ ಒಂದು ಬದಿಗೆ 9 ನಿಮಿಷದೊಳಗೆ, 33ರಲ್ಲಿ 12 ನಿಮಿಷದ ಆಸುಪಾಸು ಇದ್ದರೆ ಕ್ಲಬ್ಬಿಗೆ ಬೇಕಾದಷ್ಟು ಜೋರಾಗಿ ಕಟ್ ಮಾಡಬಹುದು. ಎಂಟೆಂಟು ನಿಮಿಷದ ಎರಡು ಮಿಕ್ಸ್ (ಹಾಡಿನ ರೂಪ) ಒಂದೇ ಬದಿಯಲ್ಲಿದ್ದರೆ ಕಟಿಂಗ್ ಎಂಜಿನಿಯರ್ ಒಂದೋ ಮಟ್ಟ ಇಳಿಸುತ್ತಾನೆ, ಇಲ್ಲವೇ ಬೇಸ್ ಕತ್ತರಿಸುತ್ತಾನೆ. ಅದರಲ್ಲೂ ಎರಡನೆಯ ಮಿಕ್ಸ್‌ಗೆ ಸಿಗುವುದು ಒಳಗಿನ ಗ್ರೂವ್. ನೀವು ನಿಜವಾಗಿ ನುಡಿಸುವ ಮಿಕ್ಸ್ ಎ1 ಅಥವಾ ಬಿ1, ಅಂದರೆ ಬದಿಯ ಮೊದಲನೆಯದು, ಆಗಿರಲಿ. ಅದು ಎ2ರಲ್ಲಿದ್ದರೆ ಫೈಲ್ ಕೊಂಡುಕೊಳ್ಳುವುದೇ ಜಾಣತನ. ಇನ್ನೊಂದು ಮಾತು: ಅಂಗಡಿಯ ಪುಟದಲ್ಲಿ ಕೇಳಿಸುವ ತುಣುಕು ಬಹುತೇಕ ಮೂಲ ಧ್ವನಿಮುದ್ರಣವಾದ ಡಿಜಿಟಲ್ ಮಾಸ್ಟರ್‌ನದ್ದು. ತಟ್ಟೆಯ ಮುದ್ರಣ ಹೇಗಿದೆ ಎಂದು ಅದರಿಂದ ಒಂದಿಷ್ಟೂ ತಿಳಿಯದು.

7 ಇಂಚಿನ ಮರುಮುದ್ರಣಗಳು ಈಗ ಬಹಳ ಬರುತ್ತಿವೆ. ನೋಡಲು ಚೆಂದ. ಆದರೆ ಬದಿಗೆ ಐದು ನಿಮಿಷ ಹಿಡಿಸುವುದೇ ಕಷ್ಟವಾದ್ದರಿಂದ ಮೊದಲು ಕತ್ತರಿ ಬೀಳುವುದು ಇಂಟ್ರೊಗೆ. ಹಿಂದಿನ ಹಾಡಿಗೆ ಕೂಡಿಸಲು ನಾಲ್ಕು ಬಾರ್ (ಒಂದು ಬಾರ್ ಎಂದರೆ ನಾಲ್ಕು ಬೀಟ್) ಕೂಡ ಉಳಿಯದ ತಟ್ಟೆ ಸಂಗ್ರಹಕ್ಕೆ ಸರಿ, ಕೆಲಸಕ್ಕಲ್ಲ. 12 ಇಂಚಿನ ಸಿಂಗಲ್ ಹುಟ್ಟಿದ್ದೇ ಈ ಕೊರತೆ ನೀಗಲು. 1976ರಲ್ಲಿ ಸಾಲ್‌ಸೋಲ್ ಲೇಬಲ್ ಮಾರಾಟಕ್ಕೆ ಬಿಟ್ಟ ಮೊದಲ 12 ಇಂಚಿನಲ್ಲಿ ಡಿಜೆ ವಾಲ್ಟರ್ ಗಿಬ್ಬನ್ಸ್ ಒಂದು ಚಿಕ್ಕ ಹಾಡನ್ನು 9 ನಿಮಿಷ ದಾಟಿಸಿದ್ದು ಡಿಜೆಗಳಿಗೆ ಜಾಗ ಬೇಕಿತ್ತು ಎಂಬ ಕಾರಣಕ್ಕೆ.

180 ಗ್ರಾಮ್ ಎಂಬ ಸ್ಟಿಕ್ಕರ್‌ಗೆ ಬೆಲೆ ಕಟ್ಟಬೇಡಿ. ತೂಕ ಹೆಚ್ಚಿದ ಮಾತ್ರಕ್ಕೆ ಗ್ರೂವ್ ಆಳವಾಗುವುದಿಲ್ಲ, ದನಿ ಸುಧಾರಿಸುವುದಿಲ್ಲ. ಚೀಲ ಮಾತ್ರ ಭಾರವಾಗುತ್ತದೆ. ಅದಕ್ಕಿಂತ ನಡುವಿನ ತೂತು ನೆಟ್ಟಗಿದೆಯೇ ನೋಡಿ. ತೂತು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದರೆ ತಟ್ಟೆಯ ನಡುಭಾಗದಲ್ಲಿ ಶ್ರುತಿ ಮೇಲೆ ಕೆಳಗೆ ಅರ್ಧ ಶೇಕಡಾ ಓಲಾಡುತ್ತದೆ. ಒಳಗೆ ಹೋದಂತೆ ಇನ್ನೂ ಹೆಚ್ಚು. 33ರಲ್ಲಿ 1.8 ಸೆಕೆಂಡಿಗೊಮ್ಮೆ ಈ ಓಲಾಟ ಮರುಕಳಿಸುತ್ತದೆ. ಬೀಟ್ ಮ್ಯಾಚಿಂಗ್‌ಗೆ (ಎರಡು ಹಾಡಿನ ತಾಳ ಹೊಂದಿಸುವುದಕ್ಕೆ) ಇದರಿಂದ ತೊಂದರೆ ಕಡಿಮೆ, ಏಕೆಂದರೆ ಪ್ರತಿ ಸುತ್ತಿಗೂ ಏರಿದ್ದು ಇಳಿದು ಸಮವಾಗುತ್ತದೆ. ಬೀಟ್ ಸರಿಯುವುದು ಒಂದೆರಡು ಮಿಲಿಸೆಕೆಂಡ್ ಅಷ್ಟೇ. ಆದರೆ ರೋಡ್ಸ್ ಎಂಬ ಎಲೆಕ್ಟ್ರಿಕ್ ಪಿಯಾನೊದ ಉದ್ದನೆಯ ಕಾರ್ಡ್ ಮೇಲೆ ಹಾಡುಗಾರರು ಒಂದೇ ಸ್ವರ ಹಿಡಿದು ನಿಂತಾಗ ಅದು ಓಲಾಡುವುದು ಎಲ್ಲರಿಗೂ ಕೇಳಿಸುತ್ತದೆ. ಪರೀಕ್ಷೆ ಸುಲಭ: ತಟ್ಟೆ ತಿರುಗುವಾಗ ಸೂಜಿ ಹಿಡಿದ ಟೋನ್ ಆರ್ಮ್‌ನ ತಲೆಯನ್ನು ನೋಡುತ್ತಾ ನಿಲ್ಲಿ. ಅದು ಎಡಕ್ಕೂ ಬಲಕ್ಕೂ ತೂಗಾಡುತ್ತಿದ್ದರೆ ವಾಪಸ್ ಕಳಿಸಿ.

ಮರುಮುದ್ರಣದ ಅಸಲು ಪ್ರಶ್ನೆ, ಅದನ್ನು ಯಾವುದರಿಂದ ಮಾಡಿದ್ದಾರೆ ಎಂಬುದು. 80ರ ದಶಕದ ಮಾಸ್ಟರ್‌ಗಳು ಹೆಚ್ಚಾಗಿ ಟೇಪ್‌ನಲ್ಲಿ, 90ರ ದಶಕದವು ಬಹುತೇಕ ಡ್ಯಾಟ್ ಎಂಬ ಡಿಜಿಟಲ್ ಕ್ಯಾಸೆಟ್‌ನಲ್ಲಿ ಇದ್ದವು. ಲೇಬಲ್ ಮುಚ್ಚಿದಾಗ ಎರಡೂ ಕಳೆದುಹೋಗುವುದುಂಟು. ಡ್ಯಾಟ್ ಆದರೆ ಉಳಿದರೂ ಓದಲು ಬಾರದಂತಾಗುತ್ತದೆ. ಮಾಸ್ಟರ್ ಸಿಗದಾಗ ಹಳೆಯ ತಟ್ಟೆಯನ್ನೇ ನುಡಿಸಿ, ರೆಕಾರ್ಡ್ ಮಾಡಿಕೊಂಡು, ಸದ್ದು ಒರೆಸಿ ಮತ್ತೆ ಪ್ರೆಸ್ ಮಾಡುತ್ತಾರೆ. ಇದನ್ನು ಹಿಡಿಯುವುದು ಹಾಡಿನ ಎರಡು ತುದಿಗಳಲ್ಲಿ. ಮೊದಲ ಕಿಕ್‌ಗೆ ಮುನ್ನ ನಿಶ್ಶಬ್ದದಿಂದ ತಟ್ಟನೆ ಚರಚರ ಸದ್ದು ಎದ್ದರೆ, ಅಥವಾ ಕೊನೆಯ ಫೇಡ್‌ನಲ್ಲಿ ಹಾಡಿನ ಜೊತೆಗೇ ಹಿನ್ನೆಲೆಯ ಸದ್ದೂ ಕರಗಿದರೆ, ಮೂಲ ಒಂದು ತಟ್ಟೆ. ನಿಮ್ಮ ಪ್ರತಿಯದ್ದೇ ಧೂಳಾಗಿದ್ದರೆ ಫೇಡ್ ಮುಗಿದ ಮೇಲೂ ಚರಚರ ಅಷ್ಟೇ ಇರುತ್ತದೆ. ಸದ್ದು ಒರೆಸುವ ಸಾಫ್ಟ್‌ವೇರ್ ಅತಿಯಾದರೆ ಹೈ-ಹ್ಯಾಟ್ ಮಂಕಾಗಿ, ದನಿಯ ಉಸಿರು ಕಾಣೆಯಾಗುತ್ತದೆ. ಸಾಲು ಶುರುವಾಗುವ ಮುನ್ನ ಗಾಯಕಿ ಉಸಿರೆಳೆಯುವುದು ಕೇಳಿಸದಿದ್ದರೆ ಅನುಮಾನಪಡಿ.

ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಕೆತ್ತಿದ ಅಕ್ಷರಗಳೂ ಮಾತಾಡುತ್ತವೆ. ನ್ಯೂಯಾರ್ಕ್‌ನ ಹರ್ಬ್ ಪವರ್ಸ್ ಜೂನಿಯರ್ ಕಟ್ ಮಾಡಿದ ತಟ್ಟೆಗಳಲ್ಲಿ ಅವರ ಹೆಸರೂ ಒಂದು ನಗುಮುಖವೂ ಇರುತ್ತವೆ. ಕ್ಲಬ್ ಬೇಸ್ ಹೇಗೆ ಕೂರಬೇಕು ಎಂಬುದಕ್ಕೆ ಆ ಕೆತ್ತನೆ ಇರುವ ತಟ್ಟೆಗಳು ಇವತ್ತಿಗೂ ಅಳತೆಗೋಲು. ಮರುಮುದ್ರಣದಲ್ಲಿ ಹಳೆಯ ಕೆತ್ತನೆ ಇರದಿದ್ದರೆ ತಪ್ಪೇನಿಲ್ಲ, ಹೊಸದಾಗಿ ಕಟ್ ಮಾಡಿದ್ದಾರೆ ಎಂದಷ್ಟೇ ಅರ್ಥ. ಕಟ್ ಮಾಡಿದವರ ಹೆಸರು ಎಲ್ಲೂ ಇಲ್ಲದೆ, ಹಕ್ಕು ಯಾರದ್ದೆಂದೂ ಹೇಳದೆ, ಬಿಳಿ ಲೇಬಲ್ ಹಚ್ಚಿದ್ದರೆ ಅದು ಕಳ್ಳ ಮುದ್ರಣ ಎಂದುಕೊಳ್ಳುವುದೇ ಕ್ಷೇಮ.

ಹಾಗಂತ ಮೊದಲ ಮುದ್ರಣವೇ ಶ್ರೇಷ್ಠ ಎಂಬ ಭ್ರಮೆಯೂ ಬೇಡ. ಷಿಕಾಗೊದ ಟ್ರ್ಯಾಕ್ಸ್ ಲೇಬಲ್‌ನ 80ರ ದಶಕದ ತಟ್ಟೆಗಳು ಹಳೆಯ ರೆಕಾರ್ಡ್ ಕರಗಿಸಿದ ಪ್ಲಾಸ್ಟಿಕ್‌ಗೆ ಕುಖ್ಯಾತ. ಹೊಚ್ಚ ಹೊಸದಾಗಿದ್ದಾಗಲೂ ಅವು ಸದ್ದು ಮಾಡುತ್ತಿದ್ದವು. ಅಂಥ ಸಂಗೀತಕ್ಕೆ ಶುದ್ಧ ಮರುಮುದ್ರಣ ಉಪಕಾರವೇ. ಜೊತೆಗೆ ಹಣ ಯಾರ ಕೈ ಸೇರುತ್ತದೆ ಎಂಬುದೂ ಇದೆ: ಹೌಸ್ ಸಂಗೀತಗಾರ ಲ್ಯಾರಿ ಹರ್ಡ್ ಮತ್ತು ಗಾಯಕ ರಾಬರ್ಟ್ ಓವೆನ್ಸ್ 2020ರಲ್ಲಿ ಟ್ರ್ಯಾಕ್ಸ್ ಮೇಲೆ ಮೊಕದ್ದಮೆ ಹೂಡಿ, 2022ರ ರಾಜಿಯಲ್ಲಿ ತಮ್ಮ ಹಾಡುಗಳ ಹಕ್ಕನ್ನು ಮರಳಿ ಪಡೆದರು. ಕಲಾವಿದರೇ ಹೊರತರುವ ಮರುಮುದ್ರಣ ಇರುವಾಗ ಬೇರೆಯದನ್ನು ಕೊಳ್ಳಲು ಕಾರಣವೇ ಇಲ್ಲ.

ಇನ್ನು ವೇಗ. ಹೊಸ ಸೋಲ್‌ಫುಲ್ ಹೌಸ್ ಹೆಚ್ಚಾಗಿ 120ರಿಂದ 125 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್). ಹಳೆಯವು 116-118ರಲ್ಲೂ ಇರುತ್ತವೆ. 118ರ ಹಾಡನ್ನು 124ಕ್ಕೆ ಎಳೆಯಲು ಪಿಚ್, ಅಂದರೆ ತಿರುಗುವ ವೇಗ, ಶೇಕಡಾ 5.1 ಏರಬೇಕು. ಟರ್ನ್‌ಟೇಬಲ್‌ನ 8 ಶೇಕಡಾ ಮಿತಿಯಲ್ಲಿ ಇದು ಆರಾಮಾಗಿ ಸಿಗುತ್ತದೆ, ಆದರೆ ಶೇಕಡಾ 6 ಏರಿದರೆ ಶ್ರುತಿ ಪೂರ್ತಿ ಒಂದು ಸೆಮಿಟೋನ್ (ಅರ್ಧ ಸ್ವರ) ಮೇಲೆ ಹೋಗಿರುತ್ತದೆ. ತುಂಬು ಕಂಠದ ಗಾಯಕಿ ಅಲ್ಲಿ ಹದಿಹರೆಯದ ಹುಡುಗಿಯಾಗುತ್ತಾಳೆ. ಗಂಡು ದನಿ ಶೇಕಡಾ 4ರವರೆಗೆ ತಡೆಯುತ್ತದೆ, ಹೆಣ್ಣು ದನಿ 3 ದಾಟಿದರೆ ಗೊತ್ತಾಗುತ್ತದೆ ಎಂಬುದು ನನ್ನ ಲೆಕ್ಕ. ಇಳಿಸುವುದಕ್ಕೆ ಕಿವಿ ಹೆಚ್ಚು ಉದಾರಿ. ಆದ್ದರಿಂದ ಹಳೆಯದನ್ನು 124ಕ್ಕೆ ಎಳೆಯುವ ಬದಲು ಸೆಟ್ಟನ್ನೇ ಎರಡು-ಮೂರು ಹಾಡುಗಳಲ್ಲಿ 121ಕ್ಕೆ ಇಳಿಸಿ ತನ್ನಿ.

ವೇಗ ಬದಲಾದರೂ ಶ್ರುತಿಯನ್ನು ಹಾಗೇ ಹಿಡಿದಿಡುವ ಕೀ ಲಾಕ್ ಇದೆಯಲ್ಲ ಎನ್ನಬಹುದು. ಶೇಕಡಾ 2ರೊಳಗೆ ಅದನ್ನು ಆಫ್ ಮಾಡಿಟ್ಟರೇ ಚೆನ್ನ, ಬದಲಾವಣೆ ಯಾರಿಗೂ ತಿಳಿಯುವುದಿಲ್ಲ. 4 ದಾಟಿದ ಮೇಲೆ ಹಾಕಿದರೆ ಶ್ರುತಿ ಉಳಿಯುತ್ತದೆ, ಆದರೆ ದೀರ್ಘ ಸ್ವರ ತರಿತರಿಯಾಗಿ, ಕೋಂಗೊ ಏಟಿನ ಅಂಚು ಮೊಂಡಾಗುತ್ತದೆ. ಇನ್ನೊಂದು ಎಡವಟ್ಟು: ಸಾಫ್ಟ್‌ವೇರ್ ತೋರಿಸುವ ಕೀ (ಹಾಡಿನ ಶ್ರುತಿ) ಪಿಚ್ ಸೊನ್ನೆಯಲ್ಲಿದ್ದಾಗಿನದ್ದು. ಕೀ ಲಾಕ್ ಇಲ್ಲದೆ ಶೇಕಡಾ 3 ಏರಿಸಿದರೆ ಹಾಡು ಎರಡು ಶ್ರುತಿಗಳ ನಟ್ಟನಡುವೆ ನಿಂತಿರುತ್ತದೆ. ಹೊಂದುವ ಶ್ರುತಿಗಳನ್ನು ತೋರಿಸುವ ಯಾವ ಚಕ್ರದ ಲೆಕ್ಕವೂ ಆಗ ಕೂಡಿ ಬರದು.

ಫೈಲ್ ಕೊಳ್ಳುವವರಿಗೆ 2003ರಿಂದ ನಡೆಯುತ್ತಿರುವ ಟ್ರ್ಯಾಕ್ಸ್‌ಸೋರ್ಸ್ ಈ ಪ್ರಕಾರದ ಮುಖ್ಯ ಅಂಗಡಿ. ವೇವ್‌ಗಿಂತ ಎಐಎಫ್‌ಎಫ್ ಮಾದರಿಯ ಫೈಲ್ ತೆಗೆದುಕೊಳ್ಳಿ. ಗುಣಮಟ್ಟ ಒಂದೇ, ಆದರೆ ಹೆಸರು, ಲೇಬಲ್, ಚಿತ್ರ ಎಲ್ಲವೂ ಫೈಲ್‌ನೊಳಗೇ ಭದ್ರವಾಗಿರುತ್ತವೆ. ಹಳೆಯ ಹಾಡಿನ ‘ರೀಮಾಸ್ಟರ್’ ಎಂದರೆ ಎಷ್ಟೋ ಸಲ ಬರೀ ಜೋರು ಮಾಡಿದ್ದು. ಹಳೆಯ ಫೈಲ್‌ಗಿಂತ ಐದಾರು ಡೆಸಿಬೆಲ್ ಮೇಲಿರುವುದರಿಂದ ಮೊದಲ ಕೇಳ್ವಿಗೆ ಅದೇ ಚೆನ್ನಾಗಿದೆ ಅನ್ನಿಸುತ್ತದೆ. ಟ್ರಿಮ್‌ನಲ್ಲಿ (ಮಿಕ್ಸರ್‌ನ ಮಟ್ಟದ ಗುಂಡಿ) ಎರಡನ್ನೂ ಸಮ ಮಾಡಿ ಮತ್ತೆ ಕೇಳಿ. ಕಿಕ್ ಬಿದ್ದಾಗಲೆಲ್ಲ ದನಿ ಕುಗ್ಗುತ್ತಿದ್ದರೆ ಹಳೆಯದನ್ನೇ ಇಟ್ಟುಕೊಳ್ಳಿ. ಸ್ಪೆಕ್ಟ್ರಮ್‌ನಲ್ಲಿ 16 ಕಿಲೊಹರ್ಟ್ಸ್‌ನಲ್ಲಿ ಗೋಡೆ ಕಟ್ಟಿದಂತೆ ಎಲ್ಲ ನಿಂತಿದ್ದರೆ ಅದು 128 ಕೆಬಿಪಿಎಸ್ ಎಂಪಿ3ಗೆ ವೇವ್ ವೇಷ ತೊಡಿಸಿದ್ದು. ನಿಧಾನವಾಗಿ ಇಳಿಜಾರಾಗಿದ್ದರೆ ಮೂಲ ಟೇಪ್‌ನಲ್ಲೇ ಅಷ್ಟು ಇರುವುದು, ದೂರಬೇಡಿ.

ಎಡ-ಬಲ ಒಂದಾಗಿ ಬರುವ ಮೋನೊದಲ್ಲೂ ಒಮ್ಮೆ ಕೇಳಲೇಬೇಕು. ಎಷ್ಟೋ ಕ್ಲಬ್‌ಗಳ ಸ್ಪೀಕರ್ ಮೋನೊದಲ್ಲೇ ನಡೆಯುತ್ತವೆ. ಕೋರಸ್‌ನ ಹಿನ್ನೆಲೆ ದನಿಗಳನ್ನು ಅಗಲ ಮಾಡಲು ಒಂದು ಬದಿಯ ಫೇಸ್ ತಿರುಗಿಸಿದ್ದರೆ (ಅಲೆಯನ್ನು ತಲೆಕೆಳಗಾಗಿಸಿದ್ದರೆ) ಮೋನೊದಲ್ಲಿ ಎರಡೂ ಬದಿ ಒಂದನ್ನೊಂದು ಅಳಿಸುತ್ತವೆ: ಹೆಡ್‌ಫೋನ್‌ನಲ್ಲಿ ಸ್ವರ್ಗ, ಫ್ಲೋರ್‌ನಲ್ಲಿ ಮುಖ್ಯ ಗಾಯಕಿ ಒಬ್ಬಳೇ. ಹೊಸ ಬಿಡುಗಡೆಗಳಲ್ಲಿ ಈ ಕಾಯಿಲೆ ಹೆಚ್ಚು. ವಿನೈಲ್‌ಗೆ ಕಟ್ ಮಾಡುವಾಗ ಕೆಳಗಿನ ಬೇಸ್ ಮೋನೊ ಆಗಲೇಬೇಕು, ಇಲ್ಲವಾದರೆ ಸೂಜಿ ಹಾರುತ್ತದೆ. ಹಾಗಾಗಿ ತಟ್ಟೆಗೆ ಬಂದ ಹಾಡಿನಲ್ಲಿ ಕೆಳಭಾಗವಾದರೂ ಭದ್ರ.

ಯಾವ ಮಿಕ್ಸ್‌ಗಳು ಸಿಗುತ್ತವೆ ಎಂಬುದರಲ್ಲಿ ಮರುಮುದ್ರಣಗಳು ಜಿಪುಣ. 90ರ ದಶಕದ ನ್ಯೂಯಾರ್ಕ್, ನ್ಯೂಜೆರ್ಸಿ ತಟ್ಟೆಗಳಲ್ಲಿ ಗಾಯನದ ಮಿಕ್ಸ್ ಜೊತೆ ಡಬ್ (ದನಿ ಬಹುಪಾಲು ತೆಗೆದದ್ದು), ವಾದ್ಯ ಮಾತ್ರದ್ದು, ಅಕಪೆಲ್ಲಾ (ದನಿ ಮಾತ್ರದ್ದು) ಇರುತ್ತಿದ್ದವು. ನ್ಯೂಯಾರ್ಕ್‌ನ ನಿರ್ಮಾಪಕರಾದ ಮಾಸ್ಟರ್ಸ್ ಅಟ್ ವರ್ಕ್ ಜೋಡಿಯ ಡಬ್‌ಗಳಿಗಾಗಿಯೇ ತಟ್ಟೆ ಕೊಂಡವರಿದ್ದಾರೆ. ಮರುಮುದ್ರಿಸುವಾಗ ಮೊದಲು ಬಿಟ್ಟುಬಿಡುವುದು ಅದನ್ನೇ. ಡಬ್ ಇಲ್ಲದ ಪ್ರತಿ ಅರ್ಧ ಉಪಕರಣ. ಒಂದು ಹಾಡಿನ ದನಿ ಮುಗಿಯುವ ಮುನ್ನ ಇನ್ನೊಂದನ್ನು ತರಬೇಕಾದರೆ ಡಬ್‌ನ ತೆರಪು ಬೇಕು. ಐಸೊಲೇಟರ್‌ನಲ್ಲಿ (ಬೇಸ್, ಮಿಡ್, ಟ್ರೆಬಲ್ ಬೇರೆಬೇರೆ ಕತ್ತರಿಸುವ ಸಾಧನ) ಮಿಡ್ ಕತ್ತರಿಸಿ ದನಿ ತೆಗೆಯುತ್ತೇನೆಂದು ಹೊರಟರೆ ಪಿಯಾನೊ, ಸ್ನೇರ್‌ನ ಮೈ, ಗಿಟಾರ್ ಎಲ್ಲವೂ ಜೊತೆಗೇ ಹೋಗಿ ಬರೀ ಕಿಕ್, ಬೇಸ್ ಮತ್ತು ಹೈ-ಹ್ಯಾಟ್ ಉಳಿಯುತ್ತವೆ.

122 ಬಿಪಿಎಂನಲ್ಲಿ 16 ಬಾರ್ ಎಂದರೆ 31.5 ಸೆಕೆಂಡ್, 32 ಬಾರ್ ಎಂದರೆ ಸುಮಾರು 63. ದನಿ ಬರುವ ಮುನ್ನ 32 ಬಾರ್ ಇರುವ ಮಿಕ್ಸ್ ಇದ್ದರೆ ಆತುರವಿಲ್ಲದೆ ಕೂಡಿಸಬಹುದು. 16 ಇದ್ದರೂ ಸಾಗುತ್ತದೆ. ಲೈವ್ ಡ್ರಮ್ಮರ್ ಇರುವ ಡಿಸ್ಕೊ ಮರುಮುದ್ರಣವಾದರೆ ಬೀಟ್ ಅಲ್ಲಲ್ಲಿ ಸರಿಯುತ್ತದೆ, ಅಲ್ಲಿ ಕೂಡಿಕೆಯನ್ನು 8 ಬಾರ್‌ಗೆ ಮುಗಿಸಿಬಿಡಿ. ಪ್ರತಿ ತಟ್ಟೆಗೂ ಒಂದು ಚೀಟಿ ಬೇಕು: ಬಿಪಿಎಂ, ದನಿ ಶುರುವಾಗುವ ಹೊತ್ತು, ದನಿ ಮುಗಿಯುವ ಹೊತ್ತು. ಉದಾಹರಣೆಗೆ ‘122, 1:03, 6:10, ಕೊನೆಗೆ 32 ಬಾರ್’. ಚೀಟಿಯನ್ನು ಹೊರಗಿನ ಪ್ಲಾಸ್ಟಿಕ್ ಚೀಲದ ಮೇಲೆ ಅಂಟಿಸಿ. ಕವರ್ ಮೇಲೆ ಅಂಟಿಸಿದರೆ ಗೋಂದು ಕಾಗದವನ್ನು ತಿನ್ನುತ್ತದೆ, ಮಾರುವಾಗ ಬೆಲೆಯೂ ಇಳಿಯುತ್ತದೆ.