ಒಂದು ‘ನಾಗ’, ಮೂರು ಪೆಟ್ಟಿಗೆ: ಕೆಲಸ ಎಲ್ಲಿಯವರೆಗೆ ಬಂತು

ಚಿಕ್ಕಬಳ್ಳಾಪುರದ ಕಡೆ ‘ನಾಗ’ ಎಂದರೆ ಮೊದಲು ಕಣ್ಣ ಮುಂದೆ ಬರುವುದು ವಿದುರಾಶ್ವತ್ಥದ ಕಲ್ಲುಗಳು. ಗೌರಿಬಿದನೂರಿನ ಹತ್ತಿರ, ಉತ್ತರ ಪಿನಾಕಿನಿಯ ದಡದಲ್ಲಿ, ಹರಕೆ ಹೊತ್ತವರು ತಲೆಮಾರುಗಳಿಂದ ನಿಲ್ಲಿಸುತ್ತ ಬಂದ ಸಾಲು ಸಾಲು ನಾಗರಕಲ್ಲು. ಇದೇ ಎರಡಕ್ಷರ ನಾಣ್ಯ ಕೂಡಿಡುವವರಿಗೆ ಒಂದು ರಾಜವಂಶ, ಲೋಹಗಳಿಂದ ಔಷಧ ಮಾಡುವ ರಸಶಾಸ್ತ್ರ ಓದಿದ ವೈದ್ಯರಿಗೆ ಸೀಸ, ಶಾಸನದ ಕೆಲವು ಸಾಲುಗಳಲ್ಲಿ ಎಂಟು ಎಂಬ ಅಂಕೆ. ಇವನ್ನೆಲ್ಲ ಚೀಟಿಗಳಲ್ಲಿ ಬಿಡಿಸಿ ಬರೆದು ಕಥೆ, ಸಂಗ್ರಹ, ಔಷಧ ಎಂಬ ಮೂರು ಪೆಟ್ಟಿಗೆಗಳಲ್ಲಿ ಜೋಡಿಸುವುದು ಈ ಕೆಲಸ. ಕಥೆಯ ಪೆಟ್ಟಿಗೆ ಹೆಚ್ಚುಕಡಿಮೆ ತುಂಬಿದೆ. ಸಂಗ್ರಹದ್ದು ಅರ್ಧ ದಾಟಿದೆ. ಔಷಧದ್ದನ್ನು ಒಮ್ಮೆ ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಕಾರಣ ಮುಂದೆ ಇದೆ.

ಚೀಟಿಯ ಕ್ರಮ

ಐದು ಇಂಚು ಉದ್ದ, ಮೂರು ಇಂಚು ಅಗಲದ ದಪ್ಪ ಕಾಗದ. ಮೇಲ್ತುದಿಯಲ್ಲಿ ಪದ ಸಿಕ್ಕ ರೂಪದಲ್ಲೇ, ತಿದ್ದದೆ. ಅದರ ಕೆಳಗೆ ಪದದ ಹಿಂದಿನ ಎರಡು ಮಾತು, ಮುಂದಿನ ಎರಡು ಮಾತು. ಮೂರನೇ ಸಾಲಿನಲ್ಲಿ ಸಿಕ್ಕ ಜಾಗ. ಅರ್ಥ ಕೊನೆಗೆ, ಅದೂ ಪೆನ್ಸಿಲಿನಲ್ಲಿ. ಬೇರೆ ಎರಡು ಕಡೆ ಅದೇ ಅರ್ಥ ಸಿಕ್ಕಮೇಲೆ ಶಾಯಿ. ಅರ್ಥವನ್ನು ಮೊದಲೇ ಬರೆದರೆ ಕಣ್ಣು ಮಿಕ್ಕ ಸಾಲುಗಳನ್ನು ಅದಕ್ಕೆ ತಕ್ಕಂತೆ ಓದಿಬಿಡುತ್ತದೆ. ‘ನಾಗ’ ಯಾವುದು ಎಂದು ಹೇಳುವುದು ಪಕ್ಕದ ಮಾತೇ. ಪಕ್ಕದಲ್ಲಿ ‘ವಂಗ’ (ತವರ) ಇದ್ದರೆ ಲೋಹ, ‘ಕೂರ್ಮ, ಕೃಕರ’ ಇದ್ದರೆ ದೇಹದೊಳಗಿನ ಉಪವಾಯು, ‘ಚತುಷ್ಪಾದ’ ಇದ್ದರೆ ಪಂಚಾಂಗದ ಕರಣ, ಅಂದರೆ ಅರ್ಧ ತಿಥಿ.

ಕಂಪ್ಯೂಟರಿನಲ್ಲಿ ಹುಡುಕುವವರಿಗೆ ಒಂದು ಎಚ್ಚರಿಕೆ. ಬರೀ ‘ನಾಗ’ ಎಂದು ಕೊಟ್ಟರೆ ‘ಚೆನ್ನಾಗಿ’, ‘ಏನಾಗಲಿ’, ‘ಏನಾಗಬೇಕು’ ಎಲ್ಲ ಮುಗಿಬೀಳುತ್ತವೆ, ಏಕೆಂದರೆ ಯಂತ್ರಕ್ಕೆ ಕಾಣುವುದು ನ, ದೀರ್ಘ, ಗ ಎಂಬ ಸರಣಿ ಮಾತ್ರ. ಪದದ ಮೊದಲ ಅಕ್ಷರಕ್ಕೂ ಮೊದಲು ಒಂದು ಖಾಲಿ ಜಾಗ ಸೇರಿಸಿ ಹುಡುಕಿದರೆ ಇವು ಉದುರುತ್ತವೆ. ಆಗ ‘ಗಣಪತಿನಾಗ’ದಂಥ ಸಮಾಸಗಳೂ ಉದುರುತ್ತವೆ. ಹಾಗಾಗಿ ಎರಡು ಸುತ್ತು ಬೇಕು: ಒಮ್ಮೆ ಪದದ ಆರಂಭದಲ್ಲಿ ಖಾಲಿ ಜಾಗವಿಟ್ಟು, ಆಮೇಲೆ ಪದದ ಕೊನೆಯಲ್ಲಿ ಖಾಲಿ ಜಾಗವಿಟ್ಟು.

ಕಥೆಯ ಪೆಟ್ಟಿಗೆ

ಇಲ್ಲಿ ತೊಡಕು ಕಡಿಮೆ. ಅನಂತ, ವಾಸುಕಿ, ತಕ್ಷಕ, ಕಾರ್ಕೋಟಕ ಎಲ್ಲರಿಗೂ ಒಂದೊಂದು ಚೀಟಿ. ಖಾಂಡವ ದಹನ, ಜನಮೇಜಯನ ಸರ್ಪಯಾಗ, ನಳನನ್ನು ಕಚ್ಚಿದ ಕಾರ್ಕೋಟಕ, ಇವಕ್ಕೆ ಬೇರೆ ಬೇರೆ. ಜಾಗ್ರತೆ ಬೇಕಾದದ್ದು ‘ನಾಗಮಂಡಲ’ದಲ್ಲಿ. ಕರಾವಳಿಯಲ್ಲಿ ಅದು ವೈದ್ಯರು ರಂಗೋಲಿಯ ಸುತ್ತ ಕುಣಿದು ನಡೆಸುವ ಆರಾಧನೆ. ಗಿರೀಶ ಕಾರ್ನಾಡರ 1988ರ ನಾಟಕ ಜಾನಪದ ಕಥೆಯಿಂದ ಬಂದದ್ದು. ಹೆಸರು ಒಂದೇ ಎಂದು ಒಂದೇ ಚೀಟಿಯಲ್ಲಿ ಬರೆದರೆ ಎರಡಕ್ಕೂ ಅನ್ಯಾಯ. ಇಲ್ಲಿ ‘ವೈದ್ಯರು’ ಎಂಬುದು ಒಂದು ಸಮುದಾಯದ ಹೆಸರು, ಔಷಧ ಕೊಡುವವರಲ್ಲ. ಆ ಚೀಟಿ ಔಷಧದ ಪೆಟ್ಟಿಗೆಗೆ ಹೋಗಬಾರದು.

ಊರ ಹೆಸರುಗಳನ್ನು ಸದ್ಯ ಸೇರಿಸಿಲ್ಲ. ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಅಂತ್ಯ ಸುಬ್ರಹ್ಮಣ್ಯ ಇದ್ದಾನೆ, ಆದ್ದರಿಂದ ಹೆಸರೂ ನಾಗನದೇ ಎಂದು ಬರೆದುಬಿಡುವುದು ಸುಲಭ. ತೆಲುಗಿನಲ್ಲಿ ನಾಗಲಿ ಎಂದರೆ ನೇಗಿಲು, ಮಡಕ ಎಂದರೂ ನೇಗಿಲು. ಗಡಿಸೀಮೆಯಲ್ಲಿ ತೆಲುಗು ನಿಘಂಟು ತೆಗೆಯದೆ ಊರ ಹೆಸರಿಗೆ ಕೈ ಹಾಕಬಾರದು.

ಎಂಟೋ ಏಳೋ

ಅಂಕೆಗಳನ್ನು ಪದಗಳಲ್ಲಿ ಹೇಳುವ ಭೂತಸಂಖ್ಯೆಯಲ್ಲಿ ‘ನಾಗ’ ಎಂದರೆ 8, ಅಷ್ಟನಾಗರಿಂದ. ‘ನಗ’ ಎಂದರೆ 7, ಕುಲಪರ್ವತ ಏಳು. ಕಲ್ಲು ಸವೆದು ದೀರ್ಘದ ಗೆರೆ ಅಳಿಸಿದ್ದರೆ ಕಾಲವೇ ಒಂದು ವರ್ಷ ಜಾರುತ್ತದೆ. ಪರೀಕ್ಷೆಗೆಂದು ಕಟ್ಟಿಕೊಂಡ ಸಾಲು ಇದು: ‘ನಾಗ ಬಾಣ ಅಬ್ಧಿ ಇಂದು’. 8, 5, 4, 1. ಅಂಕೆಗಳು ಬಲದಿಂದ ಎಡಕ್ಕೆ ನಡೆಯುತ್ತವೆ, ಆದ್ದರಿಂದ ಶಕ 1458. 78 ಕೂಡಿಸಿದರೆ ಕ್ರಿ.ಶ. 1536. ‘ನಗ’ ಎಂದು ಓದಿದರೆ ಶಕ 1457, ಅಂದರೆ 1535. ಯಾವುದು ಸರಿ ಎಂದು ತೀರ್ಮಾನಿಸುವುದು ಸಂವತ್ಸರ: 1458 ದುರ್ಮುಖಿ, 1457 ಮನ್ಮಥ. ಶಾಸನದಲ್ಲಿ ಸಂವತ್ಸರದ ಹೆಸರು ಉಳಿದಿದ್ದರೆ ಗೊಂದಲವಿಲ್ಲ. ಅದೂ ಇಲ್ಲದಿದ್ದರೆ ಚೀಟಿಯಲ್ಲಿ ಎರಡೂ ವರ್ಷ ಬರೆದು ಪೆನ್ಸಿಲಿನಲ್ಲೇ ಬಿಡಬೇಕು.

ಈ ಜಿಲ್ಲೆಯ ಶಾಸನ ಹುಡುಕುವವರು ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಆವೃತ್ತಿಯಲ್ಲಿ ಕೋಲಾರದ ಹತ್ತನೇ ಸಂಪುಟ ತೆಗೆಯಬೇಕು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ; ಬಾಗೇಪಲ್ಲಿ, ಚಿಂತಾಮಣಿ, ಶಿಡ್ಲಘಟ್ಟ ಎಲ್ಲ ಆ ಹತ್ತನೇ ಸಂಪುಟದೊಳಗೇ ಇವೆ. ಪಾವಗಡ, ಮಧುಗಿರಿ ಬೇಕಾದರೆ ತುಮಕೂರಿನ ಹನ್ನೆರಡನೇ ಸಂಪುಟ.

ಸಂಗ್ರಹದ ಪೆಟ್ಟಿಗೆ

ನಾಣ್ಯದವರ ‘ನಾಗ’ ಎರಡು ಬಗೆ. ಒಂದು, ಗ್ವಾಲಿಯರ್ ಕಡೆಯ ಪದ್ಮಾವತಿಯ ನಾಗರಾಜರ ಪುಟ್ಟ ತಾಮ್ರದ ನಾಣ್ಯ. ಗಣಪತಿನಾಗನ ಹೆಸರು ಸಮುದ್ರಗುಪ್ತನ ಪ್ರಯಾಗ ಸ್ತಂಭದ ಶಾಸನದಲ್ಲೂ ಇದೆ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು, ಹಾಗಾಗಿ ಬ್ರಾಹ್ಮಿ ಅಕ್ಷರಗಳು ಅಂಚಿನಾಚೆ ಹೋಗಿರುತ್ತವೆ. ಕಂಡ ಅಕ್ಷರವನ್ನಷ್ಟೇ ಬರೆದು ಮಿಕ್ಕದ್ದನ್ನು ಚೌಕಕಂಸದಲ್ಲಿ ಇಡಬೇಕು.

ಇನ್ನೊಂದು, ನಾಗದ ನಾಣ್ಯ, ಎಂದರೆ ಸೀಸದ್ದು. ಶಾತವಾಹನರ ಕಾಲದವು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ. ಸೀಸವೋ ತವರವೋ ಎಂದು ನೋಡಲು ಹೀಗೆ ಮಾಡಿ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿಯಲ್ಲಿ ಒಣ ನಾಣ್ಯ ತೂಗಿ. ಆಮೇಲೆ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ನೂಲಿನಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೂ ಗೋಡೆಗೂ ತಾಗದಂತೆ ಇಳಿಬಿಡಿ. ಈಗ ತೋರುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಣ ತೂಕವನ್ನು ಇದರಿಂದ ಭಾಗಿಸಿ. 9.06 ಗ್ರಾಂ ನಾಣ್ಯಕ್ಕೆ 0.80 ತೋರಿದರೆ 11.3, ಅದು ಸೀಸ. ತವರವಾದರೆ 7.3ರ ಹತ್ತಿರ, ತಾಮ್ರವಾದರೆ 8.9. ಗಾಳಿಗುಳ್ಳೆ ಅಂಟಿಕೊಂಡರೆ ಲೆಕ್ಕ ಕಡಿಮೆ ಬರುತ್ತದೆ, ನೂಲನ್ನು ಮೆಲ್ಲಗೆ ಅಲ್ಲಾಡಿಸಿ ಬಿಡಿಸಬೇಕು. ಮೇಲೆ ಬಿಳಿ ಪದರ ಕಟ್ಟಿದ್ದರೂ ಕಡಿಮೆಯೇ ಬರುತ್ತದೆ. ನಿಮಿಷದೊಳಗೆ ತೆಗೆದು ಹತ್ತಿಬಟ್ಟೆಯಲ್ಲಿ ಒತ್ತಿ ಒಣಗಿಸಿ, ನೆನೆಹಾಕಬೇಡಿ.

ಆ ಬಿಳಿ ಪುಡಿಯೇ ಸೀಸದ ನಾಣ್ಯದ ಮುಖ್ಯ ಕೇಡು. ಮರದ ಪೆಟ್ಟಿಗೆ, ಪ್ಲೈವುಡ್ಡು, ರಟ್ಟು ಇವು ಬಿಡುವ ಹುಳಿ ಆವಿ ಸೀಸವನ್ನು ತಿಂದು, ಗಾಳಿಯ ಇಂಗಾಲಾಮ್ಲದ ಜೊತೆ ಸೇರಿ ಕಾರ್ಬೊನೇಟ್ ಆಗುತ್ತದೆ. ಮಳೆಗಾಲದ ತೇವದಲ್ಲಿ ಇನ್ನೂ ಬೇಗ. ಪಾಲಿಥೀನ್ ಅಥವಾ ಮೈಲಾರ್ ಚೀಲ, ಸ್ಟೀಲ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಸಾಕು. ಪಿವಿಸಿ ಹಾಳೆ ಬೇಡ. ಹುಣಸೆಹಣ್ಣು, ನಿಂಬೆರಸ ಹಿತ್ತಾಳೆ ಪಾತ್ರೆಗೆ ಸರಿ, ಇಲ್ಲಿ ಲೋಹವನ್ನೇ ಕರಗಿಸುತ್ತವೆ. ಪುಡಿಯನ್ನು ಒಣ ಬ್ರಷ್ಷಿನಿಂದ ಉಜ್ಜಬಾರದು: ಹಾರಿದ ಪುಡಿ ವಿಷ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಅಂಚೆಚೀಟಿಯಲ್ಲಿ ಒಂದು ತಿದ್ದುಪಡಿ. 2003ರ ಹಾವುಗಳ ನಾಲ್ಕು ಅಂಚೆಚೀಟಿಗಳಲ್ಲಿ ಒಂದು ಕಾಳಿಂಗ. ಅದನ್ನು ‘ನಾಗ’ದ ಕೆಳಗೆ ಸೇರಿಸಿದ್ದು ತಪ್ಪು; ಕಾಳಿಂಗವೂ ನಾಗರಹಾವೂ ಬೇರೆ ಬೇರೆ ಕುಲ. ಈಗ ‘ನೋಡಿ: ಕಾಳಿಂಗ’ ಎಂಬ ಅಡ್ಡಚೀಟಿ ಇದೆ.

ನಾಗರಕಲ್ಲು ಸಂಗ್ರಹದ ವಸ್ತುವೇ ಅಲ್ಲ. ಮುರಿದು ಬಿದ್ದಿದ್ದರೂ ಎತ್ತಿಕೊಂಡು ಬರುವಂತಿಲ್ಲ. ನೂರು ವರ್ಷ ದಾಟಿದ ಶಿಲ್ಪ 1972ರ ಪುರಾವಸ್ತು ಕಾಯ್ದೆಯ ಅಡಿ ಬರುತ್ತದೆ, ಅದಕ್ಕಿಂತ ಮೊದಲು ಅದು ಯಾರದೋ ಹರಕೆ. ಚೀಟಿಗೆ ಬೇಕಾದ್ದು ಅಳತೆಪಟ್ಟಿ ಪಕ್ಕದಲ್ಲಿಟ್ಟ ಒಂದು ಫೋಟೋ, ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ, ಬಿಸಿಲು ಓರೆ ಬೀಳುವಾಗ. ನಡುಹಗಲಲ್ಲಿ ಹೆಡೆಯ ಗೆರೆಗಳು ಮಾಯವಾಗುತ್ತವೆ. ಎಣ್ಣೆ, ಅರಿಶಿನ ಕೆರೆಯಬೇಡಿ. ಒಂಟಿ ಹೆಡೆಯೋ, ಹೆಣೆದ ಜೋಡಿಯೋ, ಸುರುಳಿಯ ನಡುವೆ ಲಿಂಗ ಇದೆಯೋ, ಅಷ್ಟು ಬರೆದರಾಯಿತು.

ಔಷಧದ ಪೆಟ್ಟಿಗೆ

ಇದನ್ನು ಬಿಚ್ಚಿದ್ದು ‘ನಾಗರ’ ಎಂಬ ಮಾತಿನಿಂದ. ಆಯುರ್ವೇದದ ಯೋಗಗಳಲ್ಲಿ ‘ನಾಗರ’ ಎಂದರೆ ಒಣಶುಂಠಿ. ‘ನಾಗ’ ಎಂದರೆ ಸೀಸ. ನಡುವೆ ಇರುವುದು ಒಂದು ‘ರ’. ಮೊದಲ ಜೋಡಣೆಯಲ್ಲಿ ಎರಡೂ ಒಂದೇ ಕಟ್ಟಿನಲ್ಲಿದ್ದವು. ಶುಂಠಿಯ ಕಷಾಯ ಹುಡುಕುವವರ ಕೈಗೆ ಸೀಸದ ಚೀಟಿ ಸಿಗುವ ವ್ಯವಸ್ಥೆಯನ್ನು ಒಂದು ದಿನವೂ ಇಟ್ಟುಕೊಳ್ಳಬಾರದು. ಈಗ ಸೀಸದ ಅರ್ಥ ಬರುವ ಪ್ರತಿ ಚೀಟಿಗೂ ಕೆಂಪು ಅಂಚು. ‘ನಾಗಭಸ್ಮ’ದ ಚೀಟಿಯಲ್ಲಿ ತಯಾರಿಯ ಕ್ರಮವನ್ನೂ ಪ್ರಮಾಣವನ್ನೂ ಬರೆಯುವುದಿಲ್ಲ. ಸೀಸಕ್ಕೆ ಇಷ್ಟರವರೆಗೆ ಅಪಾಯವಿಲ್ಲ ಎಂಬ ಮಟ್ಟ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳ ಮಿದುಳಿಗೆ ಅದರ ಪೆಟ್ಟು ಹೆಚ್ಚು. ಆ ಮಾತು ಚೀಟಿಯ ಮೊದಲ ಸಾಲಿನಲ್ಲೇ ಇದೆ.

‘ನಾಗಕೇಸರ’ ಇನ್ನೊಂದು ಕಷ್ಟ. ಗ್ರಂಥದ್ದು ನಾಗಸಂಪಿಗೆಯ ಹೂವಿನ ಕೇಸರ. ಮಾರುಕಟ್ಟೆಯಲ್ಲಿ ಅದೇ ಹೆಸರಿಗೆ ದಾಲ್ಚಿನ್ನಿ ಜಾತಿಯ ಮರದ ಎಳೆಗಾಯಿಯೂ ಸಿಗುತ್ತದೆ, ಸುರಗಿಯ ಮೊಗ್ಗೂ ಸಿಗುತ್ತದೆ. ಅಂಗಡಿಯ ಪೊಟ್ಟಣ ನೋಡಿ ಚೀಟಿ ಬರೆಯಬಾರದು. ಉಗುರಿನಲ್ಲಿ ಒತ್ತಿದಾಗ ದಾಲ್ಚಿನ್ನಿಯ ವಾಸನೆ ಬಂದರೆ ಅದು ನಾಗಸಂಪಿಗೆ ಅಲ್ಲ.

ಹಾವು ಕಡಿತದ ಚೀಟಿ ಚಿಕ್ಕದು. ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಒಂದೇ. ಒಂದು ಮಿಲಿಲೀಟರ್ ನಾಗರಹಾವಿನ 0.6 ಮಿಲಿಗ್ರಾಂ ವಿಷ ಅಡಗಿಸುವಂತೆ ತಯಾರಾಗುತ್ತದೆ. ಕಾಳಿಂಗ ಈ ನಾಲ್ಕರಲ್ಲಿ ಇಲ್ಲ, ಅಡ್ಡಚೀಟಿ ಇಲ್ಲೂ ಬೇಕಾಯಿತು. ಕಡಿತಕ್ಕೆ ಕಟ್ಟು, ಗಾಯಕ್ಕೆ ಬ್ಲೇಡು ಎಂದು ಬರೆದಿದ್ದ ಹಳೆಯ ಕೈಬರಹದ ಸಾಲುಗಳನ್ನು ‘ಮಾಡಬಾರದು’ ಎಂಬ ಗುರುತಿನೊಂದಿಗೆ ಕಥೆಯ ಪೆಟ್ಟಿಗೆಗೆ ಸರಿಸಲಾಗಿದೆ. ಚೀಟಿಯಲ್ಲಿ ಉಳಿದದ್ದು: ಕೈಕಾಲು ಅಲ್ಲಾಡಿಸದೆ, ಉಂಗುರ, ಬಳೆ ತೆಗೆದು, ತಕ್ಷಣ ಆಸ್ಪತ್ರೆಗೆ.

ಬಾಕಿ ಇರುವುದು ಹಬ್ಬದ ಚೀಟಿಗಳು. ಶ್ರಾವಣದ ನಾಗರಪಂಚಮಿ ಬರೆದಾಗಿದೆ. ತೆಲುಗು ಮನೆಗಳ ನಾಗುಲ ಚವಿತಿ ಕಾರ್ತಿಕ ಶುದ್ಧ ಚೌತಿಗೆ ಬರುತ್ತದೆ. ಬಾಗೇಪಲ್ಲಿ ಕಡೆಯ ಹುತ್ತಗಳ ಫೋಟೋ ಅಂದೇ ತೆಗೆಯಬೇಕು.